ಬೆರಳಿಗೆ ಬೆಲೆ ಕಟ್ಟಬಹುದೇ? – ಪರ, ವಿರೋಧ

ಪ್ರಶ್ನೆ ಇಷ್ಟೇ. ಕೆಲಸಗಾರರ ಜೀವಕ್ಕೋ ಕೈಕಾಲಿಗೋ ಅಪಾಯ ಇರುವ ವಿಷಯದಲ್ಲಿ ಮ್ಯಾನೇಜ್‌ಮೆಂಟ್‌ನವರು ಖರ್ಚು-ಲಾಭದ ಲೆಕ್ಕ ಹಾಕಿ ತೀರ್ಮಾನ ಮಾಡಬೇಕೇ, ಬೇಡವೇ? ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಶೀಟು ಒತ್ತಿ ಪೀಸು ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಒಟ್ಟಿಗೆ ಕೆಲಸ ಮಾಡಿದ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಕಾಸ್ಟಿಂಗ್, ಅಂದರೆ ಖರ್ಚಿನ ಲೆಕ್ಕ, ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬರು ಫೋರ್‌ಮನ್ ಆಗಿದ್ದರು, ಈಗ ನಿವೃತ್ತರು. ಕ್ಯಾಂಟೀನ್‌ನಲ್ಲಿ ಶುರುವಾದ ಇವರ ಜಗಳ ಇನ್ನೂ ಮುಗಿದಿಲ್ಲ.

ಪರ: ಹಾಕಿ, ಪೂರ್ತಿ ಹಾಕಿ

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಹನ್ನೊಂದು ಪವರ್ ಪ್ರೆಸ್ ಇದ್ದವು. ಶೀಟು ಒಳಗಿಟ್ಟು ಎರಡು ಕೈಯಲ್ಲೂ ಒಂದೊಂದು ಬಟನ್ ಒತ್ತಬೇಕು, ಆಗ ಮೇಲಿನ ಡೈ, ಅಂದರೆ ಅಚ್ಚು, ಕೆಳಗೆ ಬಂದು ಬಡಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಬೆರಳು ಡೈ ಕೆಳಗೆ ಇರುವುದಿಲ್ಲ. ಅದೇ ಉಪಾಯ. ಆದರೆ ಮೂರು ಪ್ರೆಸ್‌ಗಳಲ್ಲಿ ಒಂದು ಬಟನ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಅದು ಯಾವಾಗಲೂ ಒತ್ತಿದ ಹಾಗೆಯೇ ಇರುವಂತೆ ಮಾಡಿದ್ದರು. ಒಂದು ಕೈ ಖಾಲಿ ಸಿಕ್ಕರೆ ಗಂಟೆಗೆ ಪೀಸು ಜಾಸ್ತಿ ಬರುತ್ತದೆ, ಟಾರ್ಗೆಟ್ ಮುಟ್ಟುತ್ತದೆ. ಸೂಪರ್‌ವೈಸರ್‌ಗೆ ಗೊತ್ತು, ಓನರ್‌ಗೂ ಗೊತ್ತು.

ಆ ವರ್ಷವೂ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ ಮಾಡಿದೆವು. ಗೇಟಿಗೆ ಬ್ಯಾನರ್ ಕಟ್ಟಿ, ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿ, ಲಾಡು ತಿಂದೆವು. 'ಕಾರ್ಮಿಕರ ಸುರಕ್ಷತೆಗಿಂತ ದೊಡ್ಡದು ಯಾವುದೂ ಇಲ್ಲ' ಎಂದು ಓನರ್ ಮನಸಾರೆ ಹೇಳಿದರು, ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಲಾಡಿನ ಖರ್ಚು ನನ್ನ ಪುಸ್ತಕದಲ್ಲಿದೆ. ಟೇಪ್ ಕಿತ್ತಿದ ದಾಖಲೆ ಎಲ್ಲೂ ಇಲ್ಲ.

ಆಮೇಲೆ ನಾನೂ ಫೋರ್‌ಮನ್ ಅಣ್ಣನೂ ಸೇರಿ ಒಂದು ರಿಜಿಸ್ಟರ್ ಇಟ್ಟೆವು. ಬೆರಳು ಹೋದದ್ದು ಮಾತ್ರ ಅಲ್ಲ, 'ಸ್ವಲ್ಪದರಲ್ಲಿ ತಪ್ಪಿತು' ಅನ್ನುವುದನ್ನೂ ಬರೆಸಿದೆವು. ಮೂರು ತಿಂಗಳಾದ ಮೇಲೆ ನೋಡಿದರೆ ಹೆಚ್ಚಿನವು ಎರಡೇ ಪ್ರೆಸ್‌ಗಳಲ್ಲಿ, ಅದೂ ರಾತ್ರಿ ಪಾಳಿಯ ಕೊನೆಯ ಎರಡು ಗಂಟೆಯಲ್ಲಿ. ನಾನು ಒಂದು ಹಾಳೆ ಮಾಡಿದೆ. ಮೆಷಿನ್ ನಿಂತ ಗಂಟೆ, ಹೊಸ ಹುಡುಗನಿಗೆ ಕೆಲಸ ಕಲಿಸುವ ದಿನ, ರಿಜೆಕ್ಟ್ ಆದ ಪೀಸು, ಡಿಲಿವರಿ ತಡವಾದರೆ ಕಳೆಯುವ ದುಡ್ಡು, ಎಲ್ಲ ಸೇರಿಸಿ ಕೂಡಿದೆ. ವರ್ಷಗಟ್ಟಲೆ ಕೇಳಿದರೂ ಬಾರದ ಸೆನ್ಸರ್ ಆ ಎರಡು ಪ್ರೆಸ್‌ಗೆ ಒಂದೂವರೆ ತಿಂಗಳಲ್ಲಿ ಬಂತು. ಕೈ ಅಡ್ಡ ಬಂದರೆ ಪ್ರೆಸ್ ಅಲ್ಲೇ ನಿಲ್ಲುತ್ತದೆ. ಪ್ರತಿಜ್ಞೆಯಿಂದ ಆಗದ್ದು ಕೂಡುವ ಲೆಕ್ಕದಿಂದ ಆಯಿತು, ಅಲ್ವಾ?

ಇದನ್ನು ಹೇಳಿದರೆ ಓದಿದವರು ತಕ್ಷಣ ಫೋರ್ಡ್ ಪಿಂಟೋ ಕಾರನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. 1973ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯವರು ಒಂದು ಲೆಕ್ಕ ಮಾಡಿದರು. ಪೆಟ್ರೋಲ್ ಸೋರಿ ಬೆಂಕಿ ಹತ್ತಿದರೆ 180 ಸಾವು, 180 ಜನಕ್ಕೆ ತೀವ್ರ ಸುಟ್ಟ ಗಾಯ, 2,100 ವಾಹನ ನಾಶ. ಒಂದು ಜೀವಕ್ಕೆ 2 ಲಕ್ಷ ಡಾಲರ್, ಗಾಯಕ್ಕೆ 67 ಸಾವಿರ, ವಾಹನಕ್ಕೆ 700. ಒಟ್ಟು 4 ಕೋಟಿ 95 ಲಕ್ಷ ಡಾಲರ್. ಸೋರದಂತೆ ಸರಿ ಮಾಡಲು ವಾಹನಕ್ಕೆ 11 ಡಾಲರಿನಂತೆ 1 ಕೋಟಿ 25 ಲಕ್ಷ ವಾಹನಕ್ಕೆ 13 ಕೋಟಿ 75 ಲಕ್ಷ. ಆದ್ದರಿಂದ ಬೇಡ. 1977ರಲ್ಲಿ ಒಂದು ಪತ್ರಿಕೆ ಇದನ್ನು ಹೊರಗೆ ಹಾಕಿದಾಗ ಅಮೆರಿಕವೇ ಉಗಿಯಿತು.

ಆದರೆ ಆ ಹಾಳೆಯನ್ನು ಉಗಿಯುವವರು ಅದನ್ನು ಓದಿರುವುದು ಕಡಿಮೆ. ಅದು ಪಿಂಟೋ ಒಂದಕ್ಕೇ ಮಾಡಿದ ಲೆಕ್ಕ ಅಲ್ಲ. ಕಾರು ಪಲ್ಟಿಯಾದಾಗ ಪೆಟ್ರೋಲ್ ಸೋರಬಾರದು ಎಂಬ ನಿಯಮ ಬರುವುದರಲ್ಲಿತ್ತು, ಅದರ ಬಗ್ಗೆ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಗೆ ಕೊಟ್ಟದ್ದು. ಪಿಂಟೋ ಕಾರಿನ ತೊಂದರೆ ಹಿಂದಿನಿಂದ ಗುದ್ದಿದಾಗಿನದು. 2 ಲಕ್ಷ ಡಾಲರ್ ಎಂಬ ಅಂಕಿ ಕೂಡ ಆ ಸರ್ಕಾರಿ ಸಂಸ್ಥೆಯದೇ. ಗ್ಯಾರಿ ಶ್ವಾರ್ಟ್ಜ್ ಎಂಬ ಕಾನೂನು ಪ್ರೊಫೆಸರ್ 1991ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ನಾನು ಫೋರ್ಡ್ ಪರ ವಕಾಲತ್ತು ಮಾಡುತ್ತಿಲ್ಲ. 1978ರಲ್ಲಿ ಕಂಪನಿ 15 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು, ಮಾಡಿದ್ದು ತಪ್ಪೇ. ನನ್ನ ಮಾತು ಬೇರೆ. ಎದುರಿಗೆ ಹಾಳೆ ಇದ್ದದ್ದಕ್ಕೇ ಅಲ್ವಾ ಜನ 'ಇದೇನ್ರೀ ಇದು' ಎಂದು ಕೇಳಲು ಆದದ್ದು? ಹಾಳೆ ಇಲ್ಲದೆ, ನಾಲ್ಕು ಜನ ರೂಮಿನಲ್ಲಿ ಕೂತು 'ಸದ್ಯಕ್ಕೆ ಬಿಡಿ' ಅಂದಿದ್ದರೆ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಲೆಕ್ಕ ಸುಳ್ಳು ಹೇಳಬಹುದು. ಸುಳ್ಳು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಲಿಕ್ಕಾದರೂ ಆಗುತ್ತದೆ.

ನಮ್ಮ ದೇಶದ್ದೇ ಒಂದು ನೋಡಿ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಂಟು ಸೀಟಿನವರೆಗಿನ ಕಾರುಗಳಿಗೆ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುತ್ತೇವೆ ಎಂದು ಕರಡು ಹೊರಡಿಸಿತು. ಅದೇ ಅಕ್ಟೋಬರ್‌ನಿಂದ ಜಾರಿ ಅಂದರು, ಒಂದು ವರ್ಷ ಮುಂದೆ ಹಾಕಿದರು, 2023ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಬೇಡ ಅಂದುಬಿಟ್ಟರು. ಆ ನಡುವೆ ಮಾರುತಿ ಸುಜುಕಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಒಂದು ವಾದ ಇಟ್ಟಿದ್ದರು. ಸಣ್ಣ ಕಾರಿನ ಬೆಲೆ ಏರಿದರೆ ಬೈಕಿನಿಂದ ಕಾರಿಗೆ ಬರಬೇಕೆಂದಿದ್ದವರು ಬೈಕಿನಲ್ಲೇ ಉಳಿಯುತ್ತಾರೆ ಎಂದು. ಕಂಪನಿಗೆ ಅನುಕೂಲದ ಮಾತು, ಒಪ್ಪಿದೆ. ಅನುಕೂಲದ ಮಾತೆಲ್ಲ ಸುಳ್ಳೇ ಆಗಬೇಕೆಂದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಜನ ದ್ವಿಚಕ್ರ ವಾಹನದವರು. ಟ್ಯಾಂಕ್ ಮೇಲೊಂದು ಮಗು, ಹಿಂದೆ ಹೆಂಡತಿ, ಆಕೆಯ ತೊಡೆ ಮೇಲೆ ಇನ್ನೊಂದು. ಬೆಲೆ ಎಷ್ಟು ಏರಿದರೆ ಇಂಥ ಎಷ್ಟು ಸಂಸಾರ ಬೈಕಿನಲ್ಲೇ ಉಳಿಯುತ್ತದೆ? ಕೂಡಿ ಕಳೆದೇ ನೋಡಬೇಕು. ಸುಮ್ನೆ 'ಜೀವಕ್ಕೆ ಬೆಲೆ ಇಲ್ಲ' ಅಂದರೆ ಕಾರಿನೊಳಗಿದ್ದವನ ಜೀವ ಕಣ್ಣಿಗೆ ಬೀಳುತ್ತದೆ, ಬೈಕಿನವನದು ಬೀಳುವುದಿಲ್ಲ.

ಫೋರ್‌ಮನ್ ಅಣ್ಣ ಇದನ್ನು ಒಪ್ಪುವುದಿಲ್ಲ. ಏಳನೇ ಪ್ರೆಸ್‌ನ ವಿಷಯ ತೆಗೆಯುತ್ತಾರೆ. ತೆಗೆಯಲಿ. ಆ ವಿಷಯದಲ್ಲಿ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ವಿರೋಧ: ಆ ಪುಸ್ತಕದಲ್ಲಿ ಬೆರಳಿಗೆ ಜಾಗ ಇಲ್ಲ

ಮೇಡಂ ಬರೆದ ಎರಡು ಪ್ರೆಸ್ ಕಥೆ ನಿಜ. ರಿಜಿಸ್ಟರ್ ಬರೆದವನು ನಾನೇ, ಅಕ್ಷರವೂ ನನ್ನದೇ. ಆದರೆ ಉಳಿದ ಒಂಬತ್ತು ಪ್ರೆಸ್ ಏನಾಯಿತು ಅಂತ ಅವರು ಹೇಳಲಿಲ್ಲ. ಅದೇ ಹಾಳೆ ಹಿಡಿದು ಓನರ್ ನನಗೆ ಹೇಳಿದರು: 'ಇದಕ್ಕೆಲ್ಲ ಲೆಕ್ಕ ಕೂರಲ್ಲ ಕಣಯ್ಯ, ನೀನೇ ನೋಡು.' ಮೊದಲು 'ನೋಡೋಣ, ದುಡ್ಡಿಲ್ಲ' ಅನ್ನುತ್ತಿದ್ದರು. ಹಾಗನ್ನುವಾಗ ಸ್ವಲ್ಪ ನಾಚಿಕೆ ಇರುತ್ತಿತ್ತು, ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಹಾಳೆ ಬಂದ ಮೇಲೆ ನೇರವಾಗಿ ನನ್ನ ಮುಖ ನೋಡಿಯೇ ಹೇಳಿದರು.

ಬೆರಳಿಗೆ ಬೆಲೆ ಕಟ್ಟಬಹುದೇ ಎಂದು ಕೇಳುತ್ತೀರಿ. ಕಟ್ಟಿ ಬಹಳ ವರ್ಷ ಆಯಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ ಅಂತಿತ್ತು. ತೋರುಬೆರಳು ಪೂರ್ತಿ ಹೋದರೆ 14. ನಡುಬೆರಳಿಗೆ 12. ಉಂಗುರದ ಬೆರಳಿಗೂ ಕಿರುಬೆರಳಿಗೂ 7. ಎಲುಬು ಉಳಿದು ತುದಿ ಮಾತ್ರ ಹೋದರೆ ಅದಕ್ಕೂ ಒಂದು ಅಂಕಿ ಇತ್ತು. 25 ವರ್ಷದ ಹುಡುಗನ ತೋರುಬೆರಳು ಹೋಯಿತು ಅಂತಿಟ್ಟುಕೊಳ್ಳಿ. 2020ರಲ್ಲಿ ನಿಗದಿಯಾದ 15 ಸಾವಿರ ಸಂಬಳದ ಮಿತಿ, ಅದರಲ್ಲಿ ನೂರಕ್ಕೆ 60, ಆ ವಯಸ್ಸಿನ ಗುಣಕ 216.91, ಅದರಲ್ಲಿ ನೂರಕ್ಕೆ 14. ಸುಮಾರು 2 ಲಕ್ಷ 73 ಸಾವಿರ ರೂಪಾಯಿ. ಈ ಗುಣಾಕಾರ ನನಗೆ ಬಾಯಿಪಾಠ.

ಇನ್ನೊಂದಿದೆ. ನಮ್ಮಂಥ ಇಎಸ್ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇರುವ ಕಾರ್ಖಾನೆಯಲ್ಲಿ ಓನರ್ ಆ ದುಡ್ಡನ್ನೂ ಕೊಡಬೇಕಿಲ್ಲ. ಪಿಂಚಣಿ ಥರ ತಿಂಗಳು ತಿಂಗಳು ಇಎಸ್ಐನವರೇ ಕೊಡುತ್ತಾರೆ. ಓನರ್ ಕಟ್ಟುವುದು ಸಂಬಳದ ನೂರಕ್ಕೆ 3.25, ಹುಡುಗ ಕಟ್ಟುವುದು 0.75. ಹತ್ತೂ ಬೆರಳಿದ್ದರೂ ಅಷ್ಟೇ, ಒಂಬತ್ತಿದ್ದರೂ ಅಷ್ಟೇ. ಇಎಸ್ಐ ಒಳ್ಳೆಯದು, ಅದು ಇಲ್ಲದಿದ್ದ ಕಾಲವನ್ನು ನಮ್ಮಪ್ಪ ಕಂಡಿದ್ದರು. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಬೆರಳಿನ ಖರ್ಚು ಸೊನ್ನೆ. ಅದಕ್ಕೇ ಮೇಡಂ ಹಾಳೆಯಲ್ಲಿ ಮೆಷಿನ್ ನಿಂತ ಗಂಟೆ ಇತ್ತು, ರಿಜೆಕ್ಟ್ ಪೀಸು ಇತ್ತು. ಬೆರಳು ಇರಲಿಲ್ಲ. ಅವರನ್ನು ಬೈಯುತ್ತಿಲ್ಲ. ಬೆರಳನ್ನು ಬರೆಯಲು ಅಲ್ಲಿ ಕಾಲಮ್ಮೇ ಇರಲಿಲ್ಲ.

ಹಾಗಾದರೆ ಪೂರ್ತಿ ಲೆಕ್ಕ ಹಾಕಿ, ನೋವಿಗೂ ಒಂದು ಅಂಕಿ ಕೊಡಿ ಅನ್ನುತ್ತಾರೆ ಅವರು. ಆ ಅಂಕಿ ಬರೆಯುವವರು ಯಾರು? ಪ್ರೆಸ್ ಮುಂದೆ ನಿಂತವನಾ, ಎಸಿ ರೂಮಿನಲ್ಲಿ ಕೂತವರಾ? ನಮ್ಮ ಗೇಟಿನ ಹತ್ತಿರ ಒಂದು ಹಸಿರು ಬೋರ್ಡ್ ಇತ್ತು, 'ಅಪಘಾತವಿಲ್ಲದ ದಿನಗಳು' ಅಂತ. ದಿನಾ ಬೆಳಿಗ್ಗೆ ಸೆಕ್ಯುರಿಟಿಯವನು ಬಟ್ಟೆಯಲ್ಲಿ ಒರೆಸಿ ಹೊಸ ಅಂಕಿ ಬರೆಯಬೇಕು. ಆಡಿಟ್‌ಗೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಮ್ಮೆ ಅದು 212 ಮುಟ್ಟಿತ್ತು. ಆ 212 ದಿನದೊಳಗೆ ಒಬ್ಬ ಕಾಂಟ್ರ್ಯಾಕ್ಟ್ ಹುಡುಗನ ಕಿರುಬೆರಳಿನ ತುದಿ ಹೋಗಿತ್ತು. ಮೆಷಿನ್ ಒರೆಸುವ ವೇಸ್ಟ್ ಬಟ್ಟೆ ಸುತ್ತಿ, ಆಟೋದಲ್ಲಿ ಕೂರಿಸಿ, ಇಎಸ್ಐ ಬಿಟ್ಟು ಒಂದು ಖಾಸಗಿ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ರಿಜಿಸ್ಟರ್‌ನಲ್ಲಿ ಏನೂ ಬರಲಿಲ್ಲ. ಆ ದಿನ ರಿಜಿಸ್ಟರ್ ನನ್ನ ಹತ್ತಿರವೇ ಇತ್ತು. ಸುಮ್ಮನಿದ್ದೆ. ಲೆಕ್ಕ ಇಡುವವನೂ ಸಂಬಳದವನೇ ಅಲ್ವಾ.

ಪಿಂಟೋ ವಿಷಯಕ್ಕೆ ಬರೋಣ. ಹಾಳೆ ಯಾವುದಕ್ಕೆ ಮಾಡಿದ್ದು ಅನ್ನುವ ತಕರಾರು ಮೇಡಂ ಚೆನ್ನಾಗಿ ಬಿಡಿಸಿದ್ದಾರೆ. ನನಗೆ ಹಾಳೆಗಿಂತ ಮನುಷ್ಯ ಮುಖ್ಯ. ಡೆನಿಸ್ ಜೋಯಾ ಅಂತ ಒಬ್ಬರಿದ್ದಾರೆ. ಆ ವರ್ಷಗಳಲ್ಲಿ ಫೋರ್ಡ್‌ನಲ್ಲಿ ಯಾವ ಕಾರು ವಾಪಸ್ ಕರೆಯಬೇಕು ಅಂತ ನೋಡುವುದೇ ಅವರ ಕೆಲಸ. ಪಿಂಟೋ ಸುಟ್ಟು ಕರಕಲಾದದ್ದನ್ನು ಕಣ್ಣಾರೆ ನೋಡಿದವರು. ಆದರೂ ವಾಪಸ್ ಬೇಡ ಅಂತ ವೋಟು ಹಾಕಿದರು. ಮುಂದೆ ಪ್ರೊಫೆಸರ್ ಆಗಿ, ಮುಚ್ಚುಮರೆ ಇಲ್ಲದೆ ಬರೆದರು: ಆಗ ನನಗೆ ಇದು ನೀತಿಯ ಪ್ರಶ್ನೆ ಅಂತ ಹೊಳೆಯಲೇ ಇಲ್ಲ ಎಂದು. ಅವರೇ ಒಂದು ಪಿಂಟೋ ಓಡಿಸುತ್ತಿದ್ದರು, ಅದನ್ನು ತಂಗಿಗೆ ಮಾರಿದರು. ಕೆಟ್ಟವನಾಗಿದ್ದರೆ ತಂಗಿಗೆ ಮಾರುತ್ತಿದ್ದನೇ? ಫೈಲು, ಅಂಕಿ, 'ಇಷ್ಟಕ್ಕಿಂತ ಜಾಸ್ತಿ ಕೇಸ್ ಬಂದರೆ ನೋಡೋಣ' ಎಂಬ ರೂಢಿ. ಇವುಗಳೊಳಗೆ ಒಳ್ಳೆಯವನ ಕಣ್ಣೂ ಮಂಜಾಗುತ್ತದೆ. ನನ್ನ ಹೆದರಿಕೆ ಅದೇ. ನನ್ನ ಓನರ್ ಕೂಡ ಒಳ್ಳೆಯವರೇ.

ಭೋಪಾಲದ ಅನಿಲ ದುರಂತದಲ್ಲೂ ಯಾರೂ ಒಂದೇ ದಿನ ಕೂತು 'ಜನ ಸಾಯಲಿ' ಅಂತ ತೀರ್ಮಾನ ಮಾಡಿರಲಿಲ್ಲ. ವಿಷದ ಟ್ಯಾಂಕನ್ನು ತಣ್ಣಗಿಡುವ ಘಟಕವನ್ನು 1984ರ ಜೂನ್‌ನಲ್ಲಿ ನಿಲ್ಲಿಸಿದರು. ಸೋರಿದ ಅನಿಲವನ್ನು ಸುಡುವ ಗೋಪುರ ಡಿಸೆಂಬರ್ 2ರ ರಾತ್ರಿ ರಿಪೇರಿಗೆ ಅಂತ ಬಂದ್ ಆಗಿತ್ತು. ಒಂದೊಂದನ್ನೇ ಬಿಡಿಯಾಗಿ ಕೂಡಿ ನೋಡಿದರೆ ಪ್ರತಿಯೊಂದೂ ಸಣ್ಣ ಉಳಿತಾಯ.

ಏರ್‌ಬ್ಯಾಗ್ ಮಾತಿನಲ್ಲಿ ಮೇಡಂ ಹೇಳಿದ್ದಕ್ಕೆ ನನಗೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಬೈಕಿನ ಮೇಲಿನ ಸಂಸಾರ ನನ್ನ ಕಣ್ಣಿಗೂ ಕಾಣುತ್ತದೆ, ನಾನೂ ಹಾಗೇ ಓಡಾಡಿದವನು. ಸರ್ಕಾರ ಅಂಥ ಲೆಕ್ಕ ಹಾಕಲಿ, ಎಲ್ಲರ ಮುಂದೆ ಹಾಕಲಿ. ಕಾರು ಮಾರುವವನೇ ಹಾಕಿ ಹೇಳಿದರೆ ನಾನು ಎರಡು ಸಲ ಯೋಚಿಸುತ್ತೇನೆ. ಹಾಗೆಯೇ ಯಾವ ಪ್ರೆಸ್‌ಗೆ ಮೊದಲು ಸೆನ್ಸರ್ ಹಾಕಬೇಕು ಅನ್ನುವುದಕ್ಕೆ ಮೇಡಂ ಹಾಳೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಹಾಕಬೇಕೋ ಬೇಡವೋ ಅನ್ನುವುದಕ್ಕೆ ಹಾಳೆ ಬೇಡ. ಯಂತ್ರದ ಅಪಾಯದ ಭಾಗಕ್ಕೆ ಕಾವಲು ಇರಲೇಬೇಕು ಅಂತ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 21ನೇ ಕಲಂ ಹೇಳುತ್ತಿತ್ತು. ಲೆಕ್ಕ ಕೂತರೆ ಮಾತ್ರ ಅಂತ ಅದರಲ್ಲಿರಲಿಲ್ಲ.

ಏಳನೇ ಪ್ರೆಸ್. ಸೆನ್ಸರ್ ಬಂದು ಒಂದೂವರೆ ವರ್ಷ ಆಗಿತ್ತು, ಆ ಎರಡಕ್ಕೆ. ಏಳನೆಯದು 'ಲೆಕ್ಕ ಕೂರದ' ಪ್ರೆಸ್. ನಮ್ಮ ರಿಜಿಸ್ಟರ್‌ನಲ್ಲಿ ಅದರ ಹೆಸರು ಒಂದೇ ಒಂದು ಸಲ ಬಂದಿತ್ತು. ಹುಡುಗ ಹಾವೇರಿ ಕಡೆಯವನು, ಹೆಸರು ಬೇಡ. ಬಲಗೈ ತೋರುಬೆರಳು, ಬುಡದವರೆಗೆ. ಇಎಸ್ಐನವರು ಪಟ್ಟಿಯ ಪ್ರಕಾರ 14 ಅಂತ ಬರೆದರು. ಮೇಡಂ ಅವತ್ತು ಊಟ ಮಾಡಲಿಲ್ಲ, ಅದನ್ನೂ ಹೇಳಬೇಕು.

ಎರಡು ತಿಂಗಳಾದ ಮೇಲೆ ಅವನು ಕೆಲಸಕ್ಕೆ ವಾಪಸ್ ಬಂದ. ಗೇಟಿನ ಒಳಗೆ ಹಾಜರಿಯ ಬಯೋಮೆಟ್ರಿಕ್ ಮೆಷಿನ್ ಇದೆಯಲ್ಲ, ಅದರ ಮುಂದೆ ನಿಂತು ಅಭ್ಯಾಸದಂತೆ ಕೈ ಮುಂದೆ ತಂದ. ಅದರಲ್ಲಿ ಅವನದು ದಾಖಲಾಗಿದ್ದದ್ದು ಬಲಗೈ ತೋರುಬೆರಳು. ಬೇರೆ ಬೆರಳಿಟ್ಟು ನೋಡಿದ. ಕೆಂಪು ಲೈಟು ಬಂತು. ಹಿಂದೆ ಲೈನು ನಿಂತಿತ್ತು, ಯಾರೂ ಮಾತಾಡಲಿಲ್ಲ. ಎಚ್ಆರ್ ಹುಡುಗಿ ಬಂದು ಎಡಗೈ ಹೆಬ್ಬೆರಳು ದಾಖಲಿಸಿಕೊಂಡಳು, ಎರಡು ನಿಮಿಷದ ಕೆಲಸ. ಆದರೆ ಅವಳು ಬಂದದ್ದು ಹತ್ತು ಗಂಟೆಗೆ. ಅವತ್ತು ಅವನಿಗೆ ಅರ್ಧ ದಿನದ ಹಾಜರಿ ಬಿತ್ತು.