ಹೋಬೀರಾಯನ ಕಾಲದ ದೋಣಿ

ಮೊನ್ನೆ ಫೋನಿನಲ್ಲಿ ಊರಿನ ಗೆಳೆಯ ಕಾಲೆಳೆದ. "ಇನ್ನೂ ಆ ಓಬೀರಾಯನ ಕಾಲದ ದೋಣೀನೇ ಇಟ್ಕೊಂಡಿದ್ದೀಯಾ ಮಾರಾಯ?" ಅವನಿಗೆ ಗೊತ್ತಿಲ್ಲ, ಒಂದಕ್ಷರದ ವ್ಯತ್ಯಾಸದಲ್ಲಿ ಸರಿಯಾಗಿಯೇ ಹೇಳಿದ್ದಾನೆ. ನನ್ನದು ಹೋಬಿ 16, ಎರಡು ಒಡಲಿನ ಸಣ್ಣ ಹಾಯಿದೋಣಿ, ಅಂದರೆ ಕ್ಯಾಟಮರಾನ್. ನನ್ನ ಪ್ರಾಯಕ್ಕೆ ಹತ್ತಿರದ ದೋಣಿ, ಸೆಕೆಂಡ್ ಹ್ಯಾಂಡ್. ಕುಂದಾಪುರದಲ್ಲಿ ಹುಟ್ಟಿಯೂ ಹಾಯಿ ಹಿಡಿಯಲು ಕಲಿತದ್ದು ನಲವತ್ತು ದಾಟಿದ ಮೇಲೆ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ನಾಚಿಕೆಯ ವಿಷಯವೇ, ಇರಲಿ.

ಈ ದೋಣಿಯ ಹಿಂದಿನ ಮನುಷ್ಯ ಹೋಬಿ ಆಲ್ಟರ್, 1933ರಲ್ಲಿ ಹುಟ್ಟಿದವನು. ಲಗೂನಾ ಬೀಚಿನಲ್ಲಿ ಅಪ್ಪನ ಗ್ಯಾರೇಜಿನೊಳಗೆ ಬಾಲ್ಸಾ ಮರದ ಸರ್ಫ್ ಹಲಗೆ ಕೆತ್ತುತ್ತಿದ್ದ ಹುಡುಗ. 1954ರಲ್ಲಿ ಡಾನಾ ಪಾಯಿಂಟಿನಲ್ಲಿ ಸ್ವಂತ ಅಂಗಡಿ ತೆರೆದ. 1958ರ ಸುಮಾರಿಗೆ ಗಾರ್ಡನ್ ಕ್ಲಾರ್ಕ್ ಜೊತೆ ಸೇರಿ ಮರ ಬಿಟ್ಟು ಪಾಲಿಯುರೆಥೇನ್ ಫೋಮಿಗೆ ಬಂದ. ಗಟ್ಟಿ ಅಟ್ಟೆಯ ಬೂಟು ಹಾಕುವಂತಿಲ್ಲ, ಕರಾವಳಿ ಹೆದ್ದಾರಿಯ ಪೂರ್ವಕ್ಕೆ ಕೆಲಸಕ್ಕೆ ಹೋಗುವಂತಿಲ್ಲ, ಆದರೂ ಹೊಟ್ಟೆ ತುಂಬಬೇಕು: ಜೀವನದಲ್ಲಿ ಅವನಿಗಿದ್ದ ಆಸೆ ಇಷ್ಟೇ ಅಂತ ಹೇಳುತ್ತಾರೆ. ದೋಣಿಯನ್ನು ನೋಡಿದರೆ ನಂಬಬಹುದು. ಬೂಟು ಹಾಕಿದವರಿಗೆ ಮಾಡಿದ್ದಲ್ಲ ಅದು.

ಜೋಡಿ ಒಡಲಿನ ಹಾಯಿದೋಣಿ ಅವನು ಕಂಡುಹಿಡಿದದ್ದೇನೂ ಅಲ್ಲ. (ಕ್ಯಾಟಮರಾನ್ ಅಂದರೆ ನಮ್ಮ ಕಟ್ಟುಮರ ಅಂತ ವಾಟ್ಸಾಪಿನಲ್ಲಿ ಎದೆ ಉಬ್ಬಿಸುವವರಿಗೆ ಒಂದು ಮಾತು: ಪದ ತಮಿಳಿನದು, ಸರಿ. ಆದರೆ ಆ ಕಟ್ಟುಮರ ದಿಮ್ಮಿಗಳನ್ನು ಸೇರಿಸಿ ಬಿಗಿದ ತೆಪ್ಪ. ಎರಡು ಒಡಲಿನ ವಿದ್ಯೆ ಶಾಂತಸಾಗರದ ದ್ವೀಪದವರದು.) 1876ರಲ್ಲೇ ನಥಾನಿಯಲ್ ಹೆರೆಶಾಫ್ ಎಂಬ ಅಮೆರಿಕನ್ ದೋಣಿಶಿಲ್ಪಿ ಅಮರಿಲ್ಲಿಸ್ ಅನ್ನುವ ಜೋಡಿ ದೋಣಿ ತಂದು ನ್ಯೂಯಾರ್ಕಿನ ಪಂದ್ಯದಲ್ಲಿ ದೊಡ್ಡ ದೊಡ್ಡ ದೋಣಿಗಳನ್ನು ಹಿಂದೆ ಹಾಕಿದ್ದ. ದೊಡ್ಡವರು ಏನು ಮಾಡಿದರು? ಅಂಥ ದೋಣಿಯನ್ನೇ ಪಂದ್ಯದಿಂದ ಹೊರಗಿಟ್ಟರು. ಕುಣಿಯಲು ಬರದಿದ್ದರೆ ನೆಲ ಡೊಂಕು!

ಹೋಬಿಯೋ, ಅಂಥ ದೊಡ್ಡವರ ಕ್ಲಬ್ಬುಗಳ ಬಾಗಿಲು ತಟ್ಟಲಿಲ್ಲ. ಅವನ ಚಿಂತೆ ಬೇರೆ ಇತ್ತು. ಮರಳಿನಿಂದ ನೂಕಬೇಕು, ಅಲೆ ಸೀಳಿ ಹೋಗಬೇಕು, ಅದೇ ಅಲೆಯ ಮೇಲೆ ಜಾರಿ ಮರಳಿಗೇ ಬರಬೇಕು. ಸಾಮಾನ್ಯ ಹಾಯಿದೋಣಿ ಪಕ್ಕಕ್ಕೆ ಜಾರದಂತೆ ತಡೆಯಲು ಅಡಿಯಲ್ಲಿ ಒಂದು ಹಲಗೆ ಇಳಿಬಿಟ್ಟಿರುತ್ತದೆ. ದಡದ ಮರಳಿಗೆ ಬಡಿದರೆ ಅದರ ಕಥೆ ಮುಗಿಯಿತು. ಹೋಬಿ ಹಲಗೆಯನ್ನೇ ಕಿತ್ತುಹಾಕಿದ. ಒಡಲಿನ ಹೊರಮೈ ಚಪ್ಪಟೆ, ಒಳಮೈ ಉಬ್ಬು. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಗಾಳಿಯ ಒತ್ತಡಕ್ಕೆ ನೀರಿಗೆ ಒತ್ತಿಕೊಳ್ಳುವ ಒಡಲೇ ಹಲಗೆಯ ಕೆಲಸ ಮಾಡುತ್ತದೆ. ಅಡಿಯೋ, ಬಾಳೆಕಾಯಿಯ ಹಾಗೆ ಬಾಗಿದ್ದು. 1968ರಲ್ಲಿ 14 ಅಡಿಯದು ಬಂತು, ಒಬ್ಬರಿಗೆ. ಸರ್ಫಿಂಗಿನಲ್ಲಿ ಹೆಸರು ಮಾಡಿದ್ದ ಫಿಲ್ ಎಡ್ವರ್ಡ್ಸ್ ಜೊತೆಗೂಡಿ ಮಾಡಿದ 16, 1970ರ ಹೊತ್ತಿಗೆ, ಇಬ್ಬರಿಗೆ. ತೂಕ ಸುಮಾರು 145 ಕೆಜಿ, ನಡುವೆ ಕೂರಲು ಬಿಗಿದ ಬಟ್ಟೆ.

ಈಗ ಕೊರತೆಗಳಿಗೆ ಬರೋಣ. ಇದನ್ನು ಗಾಳಿಗೆ ಎದುರು ತಿರುಗಿಸುವುದು ಒಂದು ಶಿಕ್ಷೆ. ಬೇರೆ ದೋಣಿಯಲ್ಲಿ ಚುಕ್ಕಾಣಿ ತಳ್ಳಿದರಾಯಿತು. ಇಲ್ಲಿ ಮೆಲ್ಲಗೆ ತಳ್ಳಬೇಕು, ಮೂಗು ಗಾಳಿಯನ್ನು ದಾಟುವ ತನಕ ಮುಂದಿನ ಸಣ್ಣ ಹಾಯಿ, ಅಂದರೆ ಜಿಬ್, ಹಳೇ ಕಡೆಯಲ್ಲೇ ಬಿಗಿಯಾಗಿರಬೇಕು, ಗಾಳಿ ಅದರ ಬೆನ್ನಿಗೆ ಗುದ್ದಿ ಮೂಗನ್ನು ತಿರುಗಿಸಬೇಕು, ಅಷ್ಟರಲ್ಲಿ ದೊಡ್ಡ ಹಾಯಿಯ ಹಗ್ಗ ಎರಡಡಿ ಸಡಿಲಿಸಬೇಕು. ಮೊದಲ ಬೇಸಿಗೆಯಲ್ಲಿ ನನ್ನ ಹೆಂಡತಿ ಪ್ರತಿ ಸಲವೂ ಒಂದು ಗಳಿಗೆ ಮೊದಲೇ ಜಿಬ್ ಬಿಟ್ಟುಬಿಡುತ್ತಿದ್ದಳು. ದೋಣಿ ಗಾಳಿಗೆ ಮುಖ ಕೊಟ್ಟು ನಿಂತು, ಯೋಚಿಸಿ, ಹಿಂದಕ್ಕೆ ಹೊರಡುತ್ತಿತ್ತು. ಪಕ್ಕದಲ್ಲಿ ಬಾಡಿಗೆ ಕಯಾಕಿನ ಮಕ್ಕಳು ನಮ್ಮನ್ನು ದಾಟಿ ಹೋಗುತ್ತಿದ್ದರು, ಟಾಟಾ ಮಾಡಿಕೊಂಡು.

ಇನ್ನೊಂದು ಕೊರತೆ ಜೋರು ಗಾಳಿಯಲ್ಲಿ. ಗಾಳಿಯ ಹಿಂದೆ ಓಡುವಾಗ ತೆಳ್ಳನೆಯ ಮೂತಿ ನೀರಿಗೆ ಚುಚ್ಚಿಕೊಂಡರೆ ದೋಣಿ ತಟ್ಟನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಸೊಂಟಕ್ಕೆ ತಂತಿ ಸಿಕ್ಕಿಸಿಕೊಂಡು ಅಂಚಿನಲ್ಲಿ ನಿಂತವರು ಅರ್ಧಚಂದ್ರ ಬರೆದು ಮುಂದೆ ಬೀಳುತ್ತಾರೆ, ಹಿಂದೆಯೇ ದೋಣಿ ಪಲ್ಟಿ. ನಾನು ಮೂರು ಸಲ ಬಿದ್ದಿದ್ದೇನೆ, ಒಮ್ಮೆ ಕನ್ನಡಕದ ಸಮೇತ.

ಇಷ್ಟೆಲ್ಲ ಇದ್ದೂ ಒಂದು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾದವು. 1976ರಲ್ಲಿ ಕಂಪನಿಯೇ ಕೋಲ್ಮನ್‌ಗೆ ಮಾರಾಟವಾಯಿತು, ದೋಣಿ ಅದೇ ದೋಣಿ. ನನಗನ್ನಿಸುವುದು, ಕೊರತೆಗಳನ್ನು ಯಾರೂ ತಿದ್ದಲು ಹೋಗದ್ದರಿಂದಲೇ ಒಂದೇ ಅಚ್ಚಿನ ಈ ದೋಣಿವರ್ಗ ಬಾಳಿತು. ಎಲ್ಲರ ದೋಣಿಗೂ ಅದೇ ರೋಗ. ವಿಶ್ವ ಚಾಂಪಿಯನ್‌ಶಿಪ್‌ಗೆ ಯಾರೂ ತಮ್ಮ ದೋಣಿ ತರುವುದಿಲ್ಲ. ಆಯೋಜಕರು ಕೊಟ್ಟ ಹೊಸ ದೋಣಿಗಳನ್ನೇ ರೇಸಿನಿಂದ ರೇಸಿಗೆ ಬದಲಿಸಿಕೊಂಡು ಓಡಿಸುತ್ತಾರೆ. ದುಡ್ಡು ಸುರಿದು ಗೆಲ್ಲುವ ದಾರಿ ಇಲ್ಲ. ದೋಣಿ ಸರಿ ಇರಲಿಲ್ಲ ಅನ್ನುವ ನೆಪವೂ ನಡೆಯುವುದಿಲ್ಲ.

ಇಂಗ್ಲೆಂಡಿನ ಟೊರ್ನಾಡೋ ಎಂಬ ಜೋಡಿ ದೋಣಿ ನೋಡಿ. 1967ರಲ್ಲಿ ರಾಡ್ನಿ ಮಾರ್ಚ್ ರಚಿಸಿದ್ದು, ಹೋಬಿಗಿಂತ ಎಷ್ಟೋ ವೇಗ, ನೋಡಲೂ ಚೆಲುವೆ. 1976ರಲ್ಲಿ ಒಲಿಂಪಿಕ್ಸಿಗೆ ಹೋಯಿತು, ಮೊದಲ ಚಿನ್ನ ರೆಗ್ ವೈಟ್ ಮತ್ತು ಜಾನ್ ಆಸ್ಬರ್ನ್ ಜೋಡಿಗೆ. 2001ರ ಹೊತ್ತಿಗೆ ಇನ್ನೂ ವೇಗ ಬೇಕೆಂದು ಮುಂದೊಂದು ದೊಡ್ಡ ಹಾಯಿ, ಇಬ್ಬರಿಗೂ ಸೊಂಟದ ತಂತಿ ಅಂತ ಸೇರಿಸಿದರು. ಹಳೆಯ ದೋಣಿ ಇದ್ದವರು ಖರ್ಚಿಗೆ ಬಿದ್ದರು. 2008ರ ಬಳಿಕ ಒಲಿಂಪಿಕ್ಸೇ ಅದನ್ನು ಕೈಬಿಟ್ಟಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜೋಡಿ ಒಡಲಿನ ದೋಣಿಯೇ ಇರಲಿಲ್ಲ. 2016ರಲ್ಲಿ ಜಾಗ ವಾಪಸ್ ಸಿಕ್ಕಿತು, ಆದರೆ ನಾಕ್ರಾ 17 ಎಂಬ ಹೊಸಬಳಿಗೆ. ಟೊರ್ನಾಡೋ ಈಗಲೂ ಓಡುತ್ತದೆ, ಅದರ ಅಭಿಮಾನಿಗಳು ನನ್ನನ್ನು ಬೈಯಲಿ. ಹೋಬಿ 16 ಒಲಿಂಪಿಕ್ಸಿನ ಮೆಟ್ಟಿಲೇ ಹತ್ತಲಿಲ್ಲ, ಹತ್ತದ್ದೇ ಪುಣ್ಯ.

ಹೋಬಿಯಲ್ಲೂ ಒಂದು ಬದಲಾವಣೆ ಮಾಡಲೇಬೇಕಾಯಿತು, ಅದು ವೇಗಕ್ಕಲ್ಲ. ಹಾಯಿ ಕಟ್ಟುವ ಕಂಬ, ಅಂದರೆ ಕೂವೆ, 26 ಅಡಿಗೂ ಉದ್ದದ ಅಲ್ಯೂಮಿನಿಯಂ. ಕೂವೆ ಎತ್ತಿ ನಿಲ್ಲಿಸಿದ ದೋಣಿಯನ್ನು ದಡದಲ್ಲಿ ಎಳೆದೊಯ್ಯುವಾಗ ಕರೆಂಟು ತಂತಿಗೆ ತಾಗಿ ಜನ ಸತ್ತರು, ಕೋರ್ಟಿಗೆ ಹೋದರು. ಎಂಬತ್ತರ ದಶಕದಲ್ಲಿ ಕೂವೆಯ ತುದಿಭಾಗಕ್ಕೆ ವಿದ್ಯುತ್ ಹರಿಯದ ಫೈಬರ್ ತುಂಡು ಬಂತು, ಕಾಂಪ್‌ಟಿಪ್ ಅಂತ ಹೆಸರು. ನನ್ನ ಕೂವೆಯಲ್ಲಿ ಬೆಳ್ಳಿಬಣ್ಣ ನಿಂತು ಬಿಳಿ ಶುರುವಾಗುವ ಗೆರೆ ದೂರದಿಂದಲೇ ಕಾಣುತ್ತದೆ. ಆದರೂ ಎತ್ತುವ ಮೊದಲು ತಲೆಯೆತ್ತಿ ತಂತಿ ಹುಡುಕುತ್ತೇನೆ.

ಗೆಳೆಯ ಮುಂದಿನ ಬೇಸಿಗೆಗೆ ಬರುತ್ತಾನಂತೆ. ಬರಲಿ. ಜಿಬ್ ಹಗ್ಗ ಅವನ ಕೈಗೇ.