ಪದ್ಮಿನಿಗೊಂದು ರಾಡು

ದಾವಣಗೆರೆಯಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ಸಲಹೆಗೆ ಬರವಿಲ್ಲ. ಬೆಣ್ಣೆದೋಸೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದರೆ ದೋಸೆ ಬರುವುದರೊಳಗೆ ಸಲಹೆ ಬಂದು ಕೂತಿರುತ್ತದೆ. 'ಇದಕ್ಕೊಂದು ಮಾರುತಿ ಇಂಜಿನ್ ಕೂರಿಸ್ಬಿಡ್ರಿ ಸಾರ್' ಎನ್ನುವವರು ಒಂದು ಕಡೆ. 'ಗ್ಯಾಸ್ ಕಿಟ್ ಹಾಕ್ಸಿಬಿಡ್ರಿ' ಎನ್ನುವವರು ಇನ್ನೊಂದು ಕಡೆ. ಇವರಿಬ್ಬರೂ ಪರವಾಗಿಲ್ಲ, ಹೇಳಿ ಹೋಗುತ್ತಾರೆ. 'ನಮ್ ಮಾವಾರ ಹತ್ರನೂ ಒಂದಿತ್ತು, ಕೊಟ್ಬಿಟ್ರು' ಎಂದು ಬಾನೆಟ್ಟು ಸವರುತ್ತಾ ನಿಲ್ಲುವವರದ್ದೇ ಕಷ್ಟ. ಅವರಿಗೆ ಒಂದು ರೌಂಡು ಓಡಿಸಲು ಕೊಡಬೇಕಾಗುತ್ತದೆ.

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಬಾಂಬೆಯ ಕುರ್ಲಾದಲ್ಲಿ ಫಿಯೆಟ್ 1100 ಎಂಬ ಹೆಸರಲ್ಲಿ ತಯಾರಾಗುತ್ತಿದ್ದ ಗಾಡಿಗೇ 1974ರಲ್ಲಿ ಪದ್ಮಿನಿ ಎಂದು ನಾಮಕರಣವಾಯಿತು. ನಮ್ಮ ಬೀದಿಯ ಮಟ್ಟಿಗೆ ಅದು ಇವತ್ತಿಗೂ ಫಿಯೆಟ್ಟೇ. 1089 ಸಿಸಿ ಇಂಜಿನ್ನು, ಸ್ಟೇರಿಂಗಿನ ಎಡಕ್ಕೆ ಗೇರು, ಮುಂದೆ ರೆಕ್ಸಿನ್ ಹೊದಿಸಿದ ಉದ್ದನೆ ಸೀಟು. ಅಪ್ಪಾಜಿ ಕೊಂಡಿದ್ದು. ಅಪ್ಪಾಜಿ ಹೋದ ಮೇಲೆ ಮನೆಯ ಪಾಲಿನಲ್ಲಿ ನನಗೆ ಬಂತು ಎನ್ನುವುದಕ್ಕಿಂತ, ಬೇರೆ ಯಾರೂ ಬೇಕು ಅನ್ನಲಿಲ್ಲ ಎನ್ನುವುದು ಸರಿ.

ಗಾಡಿ ಗಟ್ಟಿ, ಇಂಜಿನ್ನು ಒಂದೇ ಸೆಲ್ಫಿಗೆ ಏಳುತ್ತದೆ. ತೊಂದರೆ ಒಂದೇ, ತಿರುವಿನಲ್ಲಿ ವಾಲುತ್ತದೆ. ಗುಂಡಿ ಸರ್ಕಲ್ಲನ್ನು ಮೂವತ್ತರ ಸ್ಪೀಡಿನಲ್ಲಿ ಸುತ್ತಿದರೂ ಎಡಗಡೆಯ ಬಾಗಿಲು ರಸ್ತೆಯ ಜತೆ ಏನೋ ಗುಟ್ಟು ಮಾತಾಡಲು ಬಗ್ಗುತ್ತದೆ. ಹಿಂದಿನ ಸೀಟಿನ ಎಡ ಮೂಲೆ ಅವ್ವನದ್ದು. ಹಾಗಾಗಿ ಪ್ರತಿ ಸರ್ಕಲ್ಲಿನಲ್ಲೂ ಮಕ್ಕಳು, ಬ್ಯಾಗು, ಮಂಡಕ್ಕಿ ಭಟ್ಟಿಯಿಂದ ತಂದ ಮಂಡಕ್ಕಿ ಚೀಲ, ಎಲ್ಲವೂ ಅವ್ವನ ಮಡಿಲಿಗೆ ಸಂದಾಯ. ಅವ್ವ ಇದನ್ನು ದೂರಿದ್ದೇ ಇಲ್ಲ. ಎಲ್ಲರೂ ಒತ್ತಿಕೊಂಡು ಕೂತರೆ ನಿದ್ದೆ ಚೆನ್ನಾಗಿ ಬರುತ್ತದಂತೆ.

ದೂರು ಬಂದದ್ದು ಚಿಕ್ಕಪ್ಪನ ಕಡೆಯಿಂದ. ಹರಿಹರದಲ್ಲಿ ಬೀಗರ ಮನೆಗೆ ಹೊರಟಿದ್ದೆವು. ಚಿಕ್ಕಮ್ಮ ಬೆಳಗಿನ ಜಾವಕ್ಕೆ ಎದ್ದು ಮಾಡಿದ ಎಣ್ಣೆಗಾಯಿ ಸ್ಟೀಲ್ ಕ್ಯಾರಿಯರ್‌ನಲ್ಲಿ, ಕ್ಯಾರಿಯರ್ ಮುಂದಿನ ಸೀಟಿನಲ್ಲಿ ನನಗೂ ಚಿಕ್ಕಪ್ಪನಿಗೂ ನಡುವೆ. ಹೈವೇಯಿಂದ ಊರೊಳಗೆ ಬಲಕ್ಕೆ ಹೊರಳಿದೆ. ಗಾಡಿ ಎಡಕ್ಕೆ ವಾಲಿತು, ಕ್ಯಾರಿಯರ್ ರೆಕ್ಸಿನ್ ಮೇಲೆ ಜಾರಿತು, ಮುಚ್ಚಳದ ಕೊಂಡಿ ತನ್ನ ಕರ್ತವ್ಯ ಮರೆಯಿತು. ಚಿಕ್ಕಪ್ಪನ ಬಿಳೀ ಪಂಚೆಯ ಮೇಲೆ ಬದನೆಕಾಯಿ ಶೇಂಗಾಪುಡಿಯ ಸಮೇತ ಬಂದು ಕೂತಿತು. ಬೀಗರು ಒಳ್ಳೆಯವರು. ಚಿಕ್ಕಪ್ಪನಿಗೆ ತಮ್ಮ ಪಂಚೆ ಕೊಟ್ಟರು, ಆಮೇಲೆ ಊಟಕ್ಕೆ ಅವರೂ ಎಣ್ಣೆಗಾಯಿಯನ್ನೇ ಬಡಿಸಿದರು.

'ಏನ್ಲೇ, ಈ ಗಾಡೀಗೆ ವಾಲದಂಗೆ ಮಾಡೋಕೆ ಏನೂ ಇಲ್ಲೇನು?' ಎಂದರು ಚಿಕ್ಕಪ್ಪ ವಾಪಸು ಬರುವಾಗ.

ಇದೆ. ಸ್ಟೆಬಿಲೈಸರ್ ರಾಡು. ಓದಿದವರು ಆಂಟಿ ರೋಲ್ ಬಾರ್ ಅಥವಾ ಸ್ವೇ ಬಾರ್ ಎನ್ನುತ್ತಾರೆ. ಸ್ಪ್ರಿಂಗ್ ಸ್ಟೀಲಿನ ಸರಳನ್ನು ಎರಡೂ ತುದಿಯಲ್ಲಿ ಬಗ್ಗಿಸಿ ಗಾಡಿಗೆ ಅಡ್ಡವಾಗಿ ಹಾಕಿರುತ್ತಾರೆ. ನಡುಭಾಗ ಎರಡು ರಬ್ಬರ್ ಬುಷ್‌ಗಳ, ಅಂದರೆ ರಾಡನ್ನು ತಬ್ಬಿ ಹಿಡಿಯುವ ದಪ್ಪ ಬಳೆಗಳ ಮೂಲಕ ಗಾಡಿಯ ಮೈಗೆ, ತುದಿಗಳು ಎಡಬಲದ ಚಕ್ರದ ತೋಳಿಗೆ. ಇಬ್ಬರು ಸೇರಿ ಒದ್ದೆ ಜಮಖಾನ ಹಿಂಡುವುದನ್ನು ನೋಡಿದ್ದೀರಲ್ಲ? ಒಬ್ಬರು ಈ ಕಡೆ ತಿರುವಿ ಇನ್ನೊಬ್ಬರು ಆ ಕಡೆ ತಿರುವಿದರೆ ಜಮಖಾನ ಬಿಗಿಯಾಗುತ್ತದೆ. ಇಬ್ಬರೂ ಒಂದೇ ಕಡೆ ತಿರುವಿದರೆ ಅದಕ್ಕೆ ಏನೂ ಆಗುವುದಿಲ್ಲ. ರಾಡಿನದ್ದೂ ಇದೇ ಲೆಕ್ಕ. ತಿರುವಿನಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ರಾಡು ತಿರುಚಿಕೊಂಡು 'ಸಾಕು, ಏಳು' ಎಂದು ಗಾಡಿಯನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ರಸ್ತೆ ಉಬ್ಬಿನ ಮೇಲೆ ಎರಡೂ ಚಕ್ರ ಒಟ್ಟಿಗೇ ಏರಿದರೆ ಅದಕ್ಕೆ ಕೆಲಸವೇ ಇಲ್ಲ, ಸುಮ್ಮನೆ ಕೂತಿರುತ್ತದೆ.

ಚಿಕ್ಕಪ್ಪ ಅಂದೇ ತೀರ್ಮಾನಿಸಿದರು, ದಪ್ಪ ರಾಡು ಹಾಕಿಸಬೇಕು. ಎಷ್ಟು ದಪ್ಪ? ಸಿಗುವಷ್ಟು ದಪ್ಪ.

ನಮ್ಮ ಬೀದಿಯಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ. ದಪ್ಪ ಎಂಬ ಮಾತು ಕಿವಿಗೆ ಬಿದ್ದದ್ದೇ ಗೇಟು ತೆಗೆದುಕೊಂಡು ಬಂದರು. ಬಾನೆಟ್ಟಿನ ಧೂಳಿನ ಮೇಲೆ ತೋರುಬೆರಳಿನಿಂದ ಒಂದು ವೃತ್ತ ಬರೆದು, ಅದರ ನೆತ್ತಿಯ ಮೇಲೆ 4 ಎಂದು ಹಾಕಿದರು. 'ರಾಡಿನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತೆ ಕಣ್ರೀ. 16 ಮಿಲಿಮೀಟರಿಂದ 18ಕ್ಕೆ ಹೋದ್ರೆ 1.6 ಪಟ್ಟು. 20ಕ್ಕೆ ಹೋದ್ರೆ 2.44 ಪಟ್ಟು. 22 ಅಂದ್ರೆ ಮೂರೂವರೆ ಪಟ್ಟು ದಾಟ್ತು.' ಚಿಕ್ಕಪ್ಪ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಿ ತಲೆ ಹಣ್ಣಾದವರು. ಅವರಿಗೆ ಕೇಳಿಸಿದ್ದು ಕೊನೆಯದ್ದು ಮಾತ್ರ. 'ಆರು ಮಿಲಿಮೀಟರ್ ಜಾಸ್ತಿ ಕೊಟ್ರೆ ಮೂರೂವರೆ ಪಟ್ಟು ವಾಪಸ್ಸಾ? 22ನೇ ಹಾಕ್ಸು' ಎಂದರು.

ಮೇಷ್ಟ್ರು ಬಿಡಲಿಲ್ಲ. ಮುಂದೆ ಮಾತ್ರ ಬಿಗಿ ಮಾಡಿದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ, ಹಿಂದೆ ಮಾತ್ರ ಬಿಗಿ ಮಾಡಿದರೆ ಬಾಲ ಹೊರಗೆ ಎಸೆಯುತ್ತದೆ, ಜತೆಗೆ ತೀರಾ ಬಿಗಿಯಾದರೆ ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೂ ದಾಟುತ್ತದೆ ಎಂದು ವಿವರಿಸಿದರು. ಟೊಳ್ಳು ರಾಡಿನ ವಿಷಯಕ್ಕೂ ಬಂದರು. ತಿರುಚುವಾಗ ಹೆಚ್ಚು ದುಡಿಯುವುದು ಹೊರಮೈ. ಆದ್ದರಿಂದ ಒಳಗಿನ ತೂತು ಹೊರವ್ಯಾಸದ ಅರ್ಧ ಇದ್ದರೆ ತೂಕ ಕಾಲು ಭಾಗ ಇಳಿಯುತ್ತದೆ, ಬಿಗಿ ಇಳಿಯುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ಚಿಕ್ಕಪ್ಪನಿಗೆ ಹಿಡಿಸಲಿಲ್ಲ. ಒಳಗೆ ತೂತಿರೋದಕ್ಕೆ ಯಾವನು ದುಡ್ಡು ಕೊಡ್ತಾನೆ ಎಂದರು.

ಅವ್ವ ಬಾಗಿಲಲ್ಲಿ ಸೊಪ್ಪು ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. 'ಸರ್ಕಲ್ ಬಂದಾಗ ನಿಧಾನಕ್ಕೆ ಓಡ್ಸಿದ್ರೆ ಆಗಲ್ಲೇನು?' ಎಂದಳು. ಖರ್ಚಿಲ್ಲದ ಸಲಹೆಯಾದ್ದರಿಂದ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆಮೇಲೆ ಒದ್ದೆ ಬಟ್ಟೆ ತಂದು ನಾಲ್ಕನೇ ಘಾತವನ್ನು ಒರೆಸಿ ಹೋದಳು.

ವಿಲಾಯ್ತಿಯ ಎಂಜಿ, ಮಿನಿ, ಅಮೆರಿಕದ ಮಸ್ಟಾಂಗ್ ಇಟ್ಟವರು ಪುಣ್ಯವಂತರು. ಅವರಿಗೆ ಮಿಲಿಮೀಟರ್ ಲೆಕ್ಕದಲ್ಲಿ ರೆಡಿ ರಾಡುಗಳು ಬಣ್ಣ ಬಳಿದುಕೊಂಡು, ಬುಷ್ಷು ಬೋಲ್ಟು ಸಮೇತ ಡಬ್ಬಿಯಲ್ಲಿ ಬರುತ್ತವೆ. ಕೆಲವದರ ತುದಿಯಲ್ಲಿ ಎರಡು ಮೂರು ತೂತುಗಳಿರುತ್ತವೆ. ಚಕ್ರದ ಕಡೆಗೆ ಜೋಡಿಸುವ ಲಿಂಕನ್ನು ಒಳಗಿನ ತೂತಿಗೆ ಕಟ್ಟಿದರೆ ರಾಡಿನ ಬಗ್ಗಿದ ತುದಿ ಗಿಡ್ಡವಾಗಿ ಬಿಗಿ ಹೆಚ್ಚು, ಹೊರಗಿನದ್ದಕ್ಕೆ ಕಟ್ಟಿದರೆ ಸಡಿಲ. ಪದ್ಮಿನಿಯವರಿಗೆ ಆ ಭಾಗ್ಯ ಎಲ್ಲಿ? ಪಿ.ಬಿ. ರೋಡಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬೇರೆ ಯಾವುದೋ ವ್ಯಾನಿನ ರಾಡು ತೋರಿಸಿ 'ಕೂರ್ತತಿ ಸಾರ್' ಎಂದರು. ಅಳೆದರೆ ಒಂದು ಗೇಣು ಉದ್ದ. 'ಕೊಯ್ದು ವೆಲ್ಡಿಂಗ್ ಮಾಡ್ಸಿಬಿಡ್ರಿ' ಎಂದರು. ಚಿಕ್ಕಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ಮೇಲಂತಸ್ತು ಕಟ್ಟಿದಾಗ ಉಳಿದ ಕಬ್ಬಿಣದ ರಾಡು ತಾರಸಿಯ ಮೇಲಿದೆಯಲ್ಲ, ಅದನ್ನೇ ಬಗ್ಗಿಸಬಹುದಲ್ಲ ಎಂದರು.

ಇದನ್ನು ಹರಿಹರದ ಟರ್ನರ್ ಯಜಮಾನರ ಮುಂದೆ ಹೇಳಿದಾಗ ಅವರು ಕನ್ನಡಕ ತೆಗೆದು ಚಿಕ್ಕಪ್ಪನನ್ನು ನೋಡಿದರು. ಲೇತ್ ಮಶಿನ್ನುಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದ ಕೈ ಅದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅವರ ವರ್ನಿಯರ್ ಇನ್ನೂ ಫ್ಲಾನೆಲ್ ಬಟ್ಟೆಯೊಳಗೆ ಮಲಗುತ್ತದೆ. 'ಮನಿ ಕಟ್ಟೋ ರಾಡೂ ಅಷ್ಟೇ ಬಿಗಿ ಇರ್ತತಿ ಸಾಹುಕಾರ್ರೆ. ಆದ್ರೆ ತಿರುಚಿದ್ದು ತಿರುಚಿಕೊಂಡೇ ಉಳೀತತಿ, ವಾಪಸ್ ಬರಲ್ಲ. ಇದಕ್ಕೆ ಸ್ಪ್ರಿಂಗ್ ಸ್ಟೀಲೇ ಬೇಕು. ಅದನ್ನ ಸುಮ್ನೆ ಗ್ಯಾಸಲ್ಲಿ ಕಾಸಿ ಬಗ್ಗಿಸಿದ್ರೆ ಹದ ಹೋಗ್ತತಿ. ಬಗ್ಗಿಸಿದ್ ಮ್ಯಾಲೆ ಕೆಂಪಗೆ ಕಾಸಿ ಎಣ್ಣೇಲಿ ಅದ್ದಿ, ಮತ್ತೆ ಕಮ್ಮಿ ಬಿಸೀಲಿ ಹದ ಮಾಡ್ಬೇಕು. ಇಲ್ಲಾಂದ್ರೆ ಒಂದಿನ ಲಟಕ್.' ಮೊದಲು ಹಳೇ ರಾಡು ಬಿಚ್ಚಿ ತನ್ನಿ, ಅಳತೆ ಅದರಿಂದಲೇ ಎಂದರು.

ಬಿಚ್ಚಲು ಗ್ಯಾರೇಜಿನ ಚಾಚಾ ಗಾಡಿಯ ಕೆಳಗೆ ಮಲಗಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಗು ಕೇಳಿಸಿತು. ಗಾಡಿಯ ಕೆಳಗೆ ಮಲಗಿದ ಮೆಕ್ಯಾನಿಕ್ ಬೈದರೆ ಸಾಮಾನ್ಯವಾಗಿ ಖರ್ಚು ಸಾವಿರದಲ್ಲಿ ಮುಗಿಯುತ್ತದೆ. ನಕ್ಕರೆ ಏನೆಂದು ಗೊತ್ತಿರಲಿಲ್ಲ.

'ಅಣ್ಣಾ, ರಾಡ್ ಚೆನ್ನಾಗೈತೆ. ಆದ್ರೆ ಅದು ಯಾರನ್ನೂ ಹಿಡ್ಕೊಂಡಿಲ್ಲ.'

ಬಗ್ಗಿ ನೋಡಿದೆ. ನಡುವಿನ ಬುಷ್‌ಗಳನ್ನು ಉಗುರಿನಿಂದ ಒತ್ತಿದರೆ ಕರೀ ಪುಡಿ ಉದುರಿತು. ರಾಡು ಕ್ಲಾಂಪಿನೊಳಗೆ ಲೊಡಲೊಡ ಅಲ್ಲಾಡುತ್ತಿತ್ತು. ಎಡ ತುದಿಯಲ್ಲಿ ಬುಷ್ ಇರಬೇಕಾದ ಜಾಗದಲ್ಲಿ ಹವಾಯಿ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕೊಯ್ದು, ನಡುವೆ ತೂತು ಮಾಡಿ ತುರುಕಿ, ಮೇಲೆ ಬೈಂಡಿಂಗ್ ವೈರು ಸುತ್ತಿದ್ದರು. ಗ್ರೀಸು ಒರೆಸಿದಾಗ ಅಂಚಿನ ನೀಲಿ ಬಣ್ಣ ಇನ್ನೂ ಹಾಗೇ ಇತ್ತು, ಕಾಲು ಜಾರದಂತೆ ಮಾಡಿದ ಗೀರುಗಳೂ ಇದ್ದವು. ಯಾವ ಮೆಕ್ಯಾನಿಕ್ಕನ ಕೆಲಸವೋ ಎಂದು ಬಯ್ಯುತ್ತಾ ಅದನ್ನು ಮನೆಗೆ ತಂದು ಕಟ್ಟೆಯ ಮೇಲಿಟ್ಟೆ.

ಅವ್ವ ಅದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. 'ಇದು ನಿಮ್ಮಪ್ಪಾಜಿದಲ್ಲೇನೋ! ಬಚ್ಚಲಿಗೆ ಹಾಕ್ಕಳಾದು. ಒಂದು ಕಾಲಿಂದು ಕಾಣಲ್ಲ ಅಂತ ಮನೆಯೆಲ್ಲಾ ಹುಡುಕಿಸಿದ್ರು. ನಾಯಿ ಹೊತ್ಕಂಡ್ ಹೋಗೇತಿ ಅಂತ ಪಕ್ಕದ ಮನೇರ ಜತೆ ಜಗಳ ಬ್ಯಾರೆ ಆಡಿದ್ರು.'

ಅಪ್ಪಾಜಿಗೆ ಸತ್ಯ ಗೊತ್ತಿದ್ದೂ ಜಗಳವಾಡಿದರೋ, ಅಥವಾ ಚಪ್ಪಲಿ ಕೊಯ್ದದ್ದೇ ಮರೆತಿದ್ದರೋ ಈಗ ಕೇಳುವ ಹಾಗಿಲ್ಲ. ಪಕ್ಕದ ಮನೆಯವರಿಗಂತೂ ಇದನ್ನು ಇನ್ನೂ ಹೇಳಿಲ್ಲ.

ಚಾಚಾ ಹೊಸ ರಬ್ಬರ್ ಬುಷ್‌ಗಳನ್ನು ಹಾಕಿ ಅದೇ ಹಳೇ ರಾಡನ್ನು ಬಿಗಿದು ಕೊಟ್ಟರು. ಗುಂಡಿ ಸರ್ಕಲ್ ಸುತ್ತಿ ಬಂದೆ. ವಾಲಾಟ ಅರ್ಧಕ್ಕರ್ಧ ಹೋಗಿತ್ತು. ಕಂಪನಿಯವರು ಮೊದಲಿಗೆ ಕೊಟ್ಟಿದ್ದು ಇದೇ ಗಾಡಿ, ನಾವು ಇಷ್ಟು ವರ್ಷ ಓಡಿಸಿದ್ದು ಬೇರೆಯದ್ದು. ಹಳೇ ಗಾಡಿಗೆ ದಪ್ಪ ರಾಡು ಹುಡುಕಿ ಹೊರಡುವವರು ಮೊದಲು ಬುಷ್ಷು ನೋಡಬೇಕೆನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚಿಕ್ಕಪ್ಪನ ಗಟ್ಟಿ ಅಭಿಪ್ರಾಯ ಬೇರೆಯಿತ್ತು. ಹರಿಹರಕ್ಕೆ ಆಗಲೇ ಅಡ್ವಾನ್ಸ್ ಕೊಟ್ಟಾಗಿತ್ತು.

22ರಿಂದ ಇಳಿಸಿ ಇಳಿಸಿ ಕೊನೆಗೆ ಹಳೆಯದಕ್ಕಿಂತ ಎರಡೇ ಮಿಲಿಮೀಟರ್ ದಪ್ಪದ್ದಕ್ಕೆ ಅವರನ್ನು ಒಪ್ಪಿಸಿದ್ದು ಯಜಮಾನರು. ಬದಲಿಗೆ ಬುಷ್ಷು ಮಾತ್ರ ತಾವು ಹೇಳಿದ್ದೇ ಆಗಬೇಕು ಎಂದರು ಚಿಕ್ಕಪ್ಪ. ಪಾಲಿಯೂರಿಥೇನ್, ಕೆಂಪು ಬಣ್ಣ. ರಬ್ಬರಿಗಿಂತ ಗಟ್ಟಿ, ಬಾಳಿಕೆಯೂ ಹೆಚ್ಚು, ಅದು ನಿಜ. ಆದರೆ ಗ್ರೀಸು ಒಣಗಿದರೆ ಕಿರುಚುತ್ತದೆ. ನಮ್ಮದು ಬೇಗನೆ ಒಣಗಿತು. ಪ್ರತಿ ತಿರುವಿಗೂ ಕೀಂಯ್ಯ್ ಎಂದು ಒಂದು ಆರ್ತನಾದ. ಬೀದಿಯ ಮೂಲೆ ತಿರುಗುವಾಗಲೇ ಗೊತ್ತಾಗಿ ಅವ್ವ ಟೀಗೆ ಇಡುತ್ತಿದ್ದಳು, ಅದೊಂದು ಅನುಕೂಲ. ಎದುರು ಮನೆಯವರು ಮಾತ್ರ ತಮ್ಮ ಗೇಟಿನದೇ ಸದ್ದೆಂದುಕೊಂಡು ಕೀಲುಗಳಿಗೆ ಕೊಬ್ಬರಿ ಎಣ್ಣೆ ಬಿಡುತ್ತಲೇ ಇದ್ದರು. ತಡೆಯಲಾರದೆ ಮತ್ತೆ ರಬ್ಬರಿಗೇ ಬಂದೆವು. ಕೆಂಪು ಬುಷ್‌ಗಳು ಈಗ ಚಿಕ್ಕಪ್ಪನ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಕೂತಿವೆ.

ಈಗ ಗಾಡಿ ಚೆನ್ನಾಗಿದೆ. ಚಿತ್ರದುರ್ಗಕ್ಕೆ ಹೋಗುವಾಗ ಲಾರಿ ದಾಟಿ ಮತ್ತೆ ಎಡಕ್ಕೆ ಬಂದರೆ ಮೊದಲಿನ ಹಾಗೆ ಅತ್ತಿತ್ತ ತೂಗುವುದಿಲ್ಲ. ಎಡ ಚಕ್ರ ಗುಂಡಿಗೆ ಬಿದ್ದರೆ ಬಲಗಡೆ ಕೂತವರಿಗೂ ಸುದ್ದಿ ಮುಟ್ಟುತ್ತದೆ ಎನ್ನುವುದನ್ನು ಮೇಷ್ಟ್ರು ಮೊದಲೇ ಹೇಳಿದ್ದರು. ಅವ್ವನಿಗೆ ಮಾತ್ರ ಸಮಾಧಾನವಿಲ್ಲ. ಮಕ್ಕಳು ಮೈಮೇಲೆ ಬೀಳುವುದಿಲ್ಲ, ಕಾರಿನಲ್ಲಿ ನಿದ್ದೆ ಹತ್ತುವುದಿಲ್ಲ.

ಇನ್ನು ಚಿಕ್ಕಪ್ಪ. ಗಾಡಿ ಎಡಕ್ಕೆ ವಾಲುವಾಗ ಬಲಕ್ಕೆ ಬಗ್ಗಿ ಕೂರುವುದು ಅವರ ಮೈಗೆ ಇಷ್ಟು ವರ್ಷದಲ್ಲಿ ಹತ್ತಿಬಿಟ್ಟಿದೆ. ಗಾಡಿ ವಾಲುವುದು ಬಿಟ್ಟರೂ ಅವರು ಬಿಟ್ಟಿಲ್ಲ. ಬಲ ತಿರುವು ಬಂತೆಂದರೆ ಸಾಕು, ನಾನು ಸೆಕೆಂಡ್ ಗೇರಿಗೆ ಎಳೆಯುವ ಹೊತ್ತಿಗೆ ಸರಿಯಾಗಿ ಅವರ ಭುಜ ನನ್ನ ಎಡ ಮೊಣಕೈಗೆ ಬಂದು ಕೂರುತ್ತದೆ. ಗೇರು ನ್ಯೂಟ್ರಲ್ಲಿಗೆ ಬೀಳುತ್ತದೆ, ಗಾಡಿ ಸರ್ಕಲ್ ಮಧ್ಯೆ ಸುಮ್ಮನೆ ರೇಸ್ ಆಗುತ್ತದೆ, ಹಿಂದಿನ ಆಟೋದವನು ನನ್ನ ವಂಶದ ಬಗ್ಗೆ ವಿಚಾರಿಸುತ್ತಾನೆ. ಏನಾದರೂ ಮಾಡಬಹುದೇ ಎಂದು ಚಾಚಾನನ್ನು ಕೇಳಿದೆ. ಅವರ ಸೈಜಿನ ರಾಡು ಬರಲ್ಲ ಎಂದರು. ಸದ್ಯಕ್ಕೆ ಚಿಕ್ಕಪ್ಪನನ್ನು ಹಿಂದಿನ ಸೀಟಿಗೆ ಕಳಿಸಿದ್ದೇವೆ. ಅಲ್ಲಿ ಬಲಗಡೆ ಚಿಕ್ಕಮ್ಮ ಇರುತ್ತಾರೆ, ಅವರ ಮೊಣಕೈಯ ಬಿಗಿಯನ್ನು ಮೇಷ್ಟ್ರು ಇನ್ನೂ ಲೆಕ್ಕ ಹಾಕಿಲ್ಲ.