ಗೂಬೆಗೊಂದು ಜೀವಿತ ಪ್ರಮಾಣಪತ್ರ

ರಾಣೆಬೆನ್ನೂರಿನ ನಮ್ಮ ಬಸಣ್ಣ ಕಾಕಾ ಮೊನ್ನೆ ತೀರಿಕೊಂಡರು. ಅಂದರೆ ಕಂಪ್ಯೂಟರಿನಲ್ಲಿ. ಪಿಂಚಣಿ ನಿಂತಿತು. ಕಚೇರಿಗೆ ಹೋಗಿ ಕಿಟಕಿಯಲ್ಲಿ ಮುಖ ತೂರಿಸಿದರೆ, "ನೀವು ಬದುಕೀರಿ ಅನ್ನೂದು ನನಗ ಕಾಣ್ತೈತ್ರಿ ಅಜ್ಜಾರ, ಸಿಸ್ಟಮ್ಮಿಗೆ ಕಾಣವಲ್ದು" ಎಂದರಂತೆ.

ಸಮಾಧಾನಕ್ಕೆಂದು ನಾನು ಗೂಬೆಯ ಕಥೆ ತೆಗೆದೆ. ಫಾರೆಸ್ಟ್ ಔಲೆಟ್, ಗೇಣುದ್ದದ ಹಕ್ಕಿ. 1884ರಲ್ಲಿ ಈಗಿನ ಮಹಾರಾಷ್ಟ್ರದ ಖಾನದೇಶದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಸಾಹೇಬ ಹೊಡೆದು ಒಣಗಿಸಿಟ್ಟ. ಆಮೇಲೆ ಪತ್ತೆಯೇ ಇಲ್ಲ. ನಡುವೆ ಮೈನರ್ಟ್ಜ್‌ಹೇಗನ್ ಎಂಬ ಕರ್ನಲ್, 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತನಗೆ ಸಿಕ್ಕಿದ್ದೆಂದು ಒಂದನ್ನು ತೋರಿಸಿದ. ಅಸಲಿಗೆ ಮ್ಯೂಸಿಯಮ್ಮಿನಿಂದ ಡೇವಿಡ್ಸನ್ನನ ಹಕ್ಕಿಯನ್ನೇ ಕದ್ದು, ಹೊಲಿಗೆ ಬಿಚ್ಚಿ, ಮತ್ತೆ ತುಂಬಿ, ಹೊಸ ಚೀಟಿ ಕಟ್ಟಿದ್ದ! ನಾವೆಲ್ಲ ಬಾಯಿಮಾತಿಗೆ ಗೂಬೆ ಕೂರಿಸುವವರು. ಈತ ಗುಜರಾತಿನ ತಲೆ ಮೇಲೆ ಸಾಕ್ಷಾತ್ ಗೂಬೆಯನ್ನೇ ಕೂರಿಸಿದ. ಆ ಚೀಟಿ ಹುಡುಕುವವರ ದಾರಿ ತಪ್ಪಿಸಿತು. ಕೊನೆಗೆ ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಚೀಟಿ ಖೊಟ್ಟಿ ಎಂದು ಪತ್ತೆಹಚ್ಚಿ, 1997ರ ನವೆಂಬರಿನಲ್ಲಿ ಸಂಗಡಿಗರೊಂದಿಗೆ ಹಳೇ ಖಾನದೇಶಕ್ಕೇ ಹೋದರೆ, ಶಹಾದಾ ಬಳಿ ಹಾಡಹಗಲೇ ಬೋಳು ಮರದ ಮೇಲೆ ಕೂತಿತ್ತು. 113 ವರ್ಷ ಅದು ಮನೆಯಲ್ಲೇ ಇತ್ತು.

"ಅಂದ್ರ ಗೂಬಿ ಸತ್ತಿರಲಿಲ್ಲ, ಕಾಗದ ಸುಳ್ಳು ಹೇಳಿತ್ತು," ಎಂದರು ಕಾಕಾ. "ನಮ್ಮೂರಾಗ ಇದರ ಉಲ್ಟಾ ಐತಿ ನೋಡು."

ಹೌದು. ಊರ ಮಗ್ಗುಲಲ್ಲೇ 1974ರ ಅಭಯಾರಣ್ಯ, 119 ಚದರ ಕಿಲೋಮೀಟರು. ಕೃಷ್ಣಮೃಗದ ಜೊತೆ ಎರೆಭೂತವೂ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ, ಇದ್ದ ಜಾಗ. ಹುಲ್ಲಿನ ಬಯಲಲ್ಲಿ ರಾಜಗಾಂಭೀರ್ಯದಿಂದ ನಡೆಯುವ, ಮರದ ಗೊಡವೆಯೇ ಬೇಡದ ಹಕ್ಕಿ. ಬಯಲೆಂದರೆ ಬಂಜರು ಎಂದುಕೊಂಡವರು ಅಲ್ಲಿ ನೀಲಗಿರಿ ನೆಟ್ಟು ಹಸಿರು ಮಾಡಿದರು. ಎರೆಭೂತ ಎರೆ ಬಿಟ್ಟು ಬರೀ ಭೂತವಾಯಿತು. ಪ್ರವಾಸಿಗರಿಗೆ ಪರಿಚಯ ಬರೆಯುವವರು ಮಾತ್ರ ಇಂದಿಗೂ ಅದನ್ನು ಅಲ್ಲೇ ಮೇಯಿಸುತ್ತಿದ್ದಾರೆ.

ನಾಳೆ ಅದು ನಿಜಕ್ಕೂ ಬಂತೆನ್ನಿ. ಹಕ್ಕಿಗಿಂತ ದೊಡ್ಡ ಮುಖಗಳ ಫ್ಲೆಕ್ಸ್, ಡೊಳ್ಳು, ಡಿಜೆ, ಹಕ್ಕಿಯನ್ನು ಕಂಡವರಿಗೆ ಶಾಲು. ಕಾರ್ಯಕ್ರಮದ ಕೊನೆಗೆ ಗಣ್ಯರಿಂದ ಅದೇ ಬಯಲಿನಲ್ಲಿ ಸಸಿ ನೆಡುವಿಕೆ.

ಕಾಕಾ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. "ಆ ಚೀಟಿ ಕಟ್ಟಿದ ಕರ್ನಲ್ ಎಲ್ಲಿರ್ತಾನೋ? ನಂದೊಂದು ಬರಿಸ್ಕೊಂಡು ಬರೋಣು."

"ಅವ 1967ರಾಗ ಸತ್ತಾನ್ರಿ ಕಾಕಾ."

"ಖರೇನ ಸತ್ತಾನೋ, ಕಂಪ್ಯೂಟರಿನ್ಯಾಗೋ?"